ವಾರಕ್ಕೊಂದು ಗಂಟೆಯ ತಯಾರಿ: ಮಂಗಳೂರಿನಲ್ಲಿ ಕುಳಿತು ಆಡುವ ಫ್ಯಾಂಟಸಿ ಪ್ರೀಮಿಯರ್ ಲೀಗ್

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತಾನೇ ಅಧಿಕೃತವಾಗಿ ನಡೆಸುವ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆರಂಭವಾದದ್ದು 2002-03ರ ಋತುವಿನಲ್ಲಿ. ಆಡುವವರ ಬಾಯಲ್ಲಿ ಎಫ್‌ಪಿಎಲ್ ಎಂದೇ ಬಳಕೆಯಲ್ಲಿರುವ ಈ ಆಟದಲ್ಲಿ ಇಂದು ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಮಂದಿ ತಮ್ಮದೇ ತಂಡ ಕಟ್ಟಿ, ಆಗಸ್ಟಿನಿಂದ ಮೇ ತಿಂಗಳವರೆಗೆ ಅದನ್ನು ನಡೆಸುತ್ತಾರೆ. ನೆಹರು ಮೈದಾನದ ಕೆಸರಿನಲ್ಲಿ ಶಾಲಾ ಹುಡುಗರು ಆಡುವ ಮಳೆಗಾಲದ ಫುಟ್‌ಬಾಲ್ ನೋಡುತ್ತಾ ಬೆಳೆದವರು, ವಿಶ್ವಕಪ್ ಬಂತೆಂದರೆ ಬಂದರಿನಿಂದ ಉಳ್ಳಾಲದವರೆಗೆ ಅರ್ಜೆಂಟೀನಾ, ಬ್ರೆಜಿಲ್‌ಗಳ ಬಾವುಟ ಕಟ್ಟುವವರು ತುಂಬಿರುವ ನಮ್ಮ ಊರಿನಲ್ಲಿ ಇಂಥ ಆಟಕ್ಕೆ ಬಳಗ ಸಿಗುವುದು ಕಷ್ಟವೇನಲ್ಲ. ಹಲವು ಋತುಗಳಿಂದ ಮಂಗಳೂರಿನಲ್ಲಿದ್ದುಕೊಂಡೇ ಇದನ್ನು ಆಡುತ್ತಾ ಬಂದಿರುವ ನಾನು ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಹೆಸರುಗಳನ್ನು ಬಲ್ಲವರಿಗಿಂತ, ಯಾವ ಆಟಗಾರ ಎಷ್ಟು ನಿಮಿಷ ಮೈದಾನದಲ್ಲಿರುತ್ತಾನೆ, ಅಲ್ಲಿ ಯಾವ ಕೆಲಸ ಮಾಡುತ್ತಾನೆ ಎಂಬುದನ್ನು ತಾಳ್ಮೆಯಿಂದ ಗಮನಿಸುವವರಿಗೆ ಫಲ ಕೊಡುವ, ಅದಕ್ಕಾಗಿ ಒಂದು ರೂಪಾಯಿಯನ್ನೂ ಕೇಳದ ಆಟ ಇದು. ಫುಟ್‌ಬಾಲನ್ನು ಪ್ರೀತಿಸುವ ಯಾರಿಗಾದರೂ ಮನಸಾರೆ ಶಿಫಾರಸು ಮಾಡುತ್ತೇನೆ. ಕೊರತೆಗಳೂ ಇವೆ, ಅವುಗಳಲ್ಲಿ ಕೆಲವು ನಮ್ಮ ಗಡಿಯಾರಕ್ಕೂ ಇಂಗ್ಲೆಂಡಿನ ಗಡಿಯಾರಕ್ಕೂ ಇರುವ ಅಂತರದಿಂದ ಹುಟ್ಟಿದವು.

ಆಟದ ಚೌಕಟ್ಟು ಸರಳ. ಕೈಯಲ್ಲಿ 10 ಕೋಟಿ ಪೌಂಡ್ ಇದೆಯೆಂದು ಇಟ್ಟುಕೊಂಡು, ಅದನ್ನೇ ಎಲ್ಲರೂ 100 ಮಿಲಿಯನ್ ಎನ್ನುತ್ತಾರೆ, ಲೀಗಿನ 20 ಕ್ಲಬ್‌ಗಳಿಂದ 15 ಆಟಗಾರರನ್ನು ಆರಿಸಬೇಕು: ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವಂತಿಲ್ಲ. ಪ್ರತಿ ಸುತ್ತಿಗೆ, ಅಂದರೆ ಪ್ರತಿ ಗೇಮ್‌ವೀಕಿಗೆ, 15 ಮಂದಿಯಲ್ಲಿ 11 ಮಂದಿಯನ್ನು ಆಡಿಸಿ, ಒಬ್ಬನನ್ನು ಎರಡು ಪಟ್ಟು ಅಂಕ ತರುವ ನಾಯಕನಾಗಿ, ಇನ್ನೊಬ್ಬನನ್ನು ಉಪನಾಯಕನಾಗಿ ನೇಮಿಸಬೇಕು. ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಏನು ಮಾಡುತ್ತಾರೋ ಅದಕ್ಕೆ ತಕ್ಕ ಅಂಕ ನಮ್ಮ ಖಾತೆಗೆ ಬೀಳುತ್ತದೆ. ಇಂಥ 38 ಗೇಮ್‌ವೀಕ್‌ಗಳು ಮುಗಿದಾಗ ಋತು ಮುಗಿಯುತ್ತದೆ.

ಈ ಚೌಕಟ್ಟಿನ ಸೊಗಸು ಇರುವುದು ಹಣದ ಬಿಗಿಯಲ್ಲಿ. 2025-26ರ ಆರಂಭದ ಬೆಲೆಗಳನ್ನೇ ತೆಗೆದುಕೊಳ್ಳೋಣ. ಲಿವರ್‌ಪೂಲಿನ ಮೊಹಮ್ಮದ್ ಸಲಾಹ್ 14.5 ಮಿಲಿಯನ್, ಮ್ಯಾಂಚೆಸ್ಟರ್ ಸಿಟಿಯ ಅರ್ಲಿಂಗ್ ಹಾಲಂಡ್ 14.0. ಇಬ್ಬರನ್ನೂ ಬೇಕೆಂದು ಹಟ ಹಿಡಿದರೆ ಉಳಿಯುವುದು 71.5, ಅದನ್ನು 13 ಮಂದಿಗೆ ಹಂಚಿದರೆ ತಲೆಗೆ ಸರಿಯಾಗಿ 5.5. ಬೆಂಚಿನಲ್ಲಿ ಕೂರುವ ನಾಲ್ವರನ್ನು, ಅಂದರೆ 4.0ರ ಗೋಲ್‌ಕೀಪರ್, 4.0ರ ಇಬ್ಬರು ಡಿಫೆಂಡರ್, 4.5ರ ಒಬ್ಬ ಫಾರ್ವರ್ಡ್, ಹೀಗೆ ಅತಿ ಅಗ್ಗದವರನ್ನೇ ಹಿಡಿದರೂ ಆಡುವ ಉಳಿದ ಒಂಬತ್ತು ಮಂದಿಗೆ ತಲಾ ಸುಮಾರು 6.1 ಮಾತ್ರ ಸಿಗುತ್ತದೆ. ಆ ಬೆಲೆಗೆ ಹೆಸರಾಂತ ಸ್ಟ್ರೈಕರ್ ಸಿಗುವುದಿಲ್ಲ. ಮಧ್ಯಮ ಕ್ಲಬ್ಬಿನಲ್ಲಿ ಪ್ರತಿ ವಾರ ತಪ್ಪದೆ ಆಡುವ, ಸೆಟ್ ಪೀಸ್ (ಫ್ರೀ ಕಿಕ್, ಕಾರ್ನರ್) ಒದೆಯುವ, ಸುದ್ದಿಯಲ್ಲಿ ಇರದ ಆಟಗಾರ ಸಿಗುತ್ತಾನೆ. ಅಂಥವನನ್ನು ಹುಡುಕುವುದೇ ಈ ಆಟದ ನಿಜವಾದ ಕೆಲಸ. 2015-16ರಲ್ಲಿ ಲೆಸ್ಟರ್ ಸಿಟಿ ಚಾಂಪಿಯನ್ ಆದಾಗ ರಿಯಾದ್ ಮಹ್ರೇಜ್, ಜೇಮಿ ವಾರ್ಡಿ ಇಬ್ಬರೂ ಅಗ್ಗದ ದರದಲ್ಲಿ ಲಭ್ಯವಿದ್ದವರು. ಅವರನ್ನು ಬೇಗ ಗುರುತಿಸಿದವರಿಗೆ ಆ ಋತುವಿಡೀ ಸುಗ್ಗಿಯಾಯಿತು.

ಅಂಕಗಳ ಲೆಕ್ಕವನ್ನು ಒಮ್ಮೆ ಕೂತು ಓದಿಕೊಳ್ಳದೆ ತಂಡ ಕಟ್ಟಬಾರದು ಎಂಬುದು ನನ್ನ ಖಚಿತ ಮಾತು. 60 ನಿಮಿಷ ಅಥವಾ ಹೆಚ್ಚು ಆಡಿದರೆ 2, ಅದಕ್ಕಿಂತ ಕಡಿಮೆಯಾದರೆ 1. ಗೋಲಿಗೆ ಫಾರ್ವರ್ಡ್‌ಗೆ 4, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6, ಗೋಲ್‌ಕೀಪರ್ ಹೊಡೆದರೆ 10. ಗೋಲಿಗೆ ದಾರಿ ಮಾಡಿಕೊಡುವ ಕೊನೆಯ ಪಾಸ್‌ಗೆ, ಅಂದರೆ ಅಸಿಸ್ಟ್‌ಗೆ, ಎಲ್ಲರಿಗೂ 3. ತಂಡ ಗೋಲು ಬಿಟ್ಟುಕೊಡದಿದ್ದರೆ ಕೀಪರ್ ಮತ್ತು ಡಿಫೆಂಡರ್‌ಗೆ 4, ಮಿಡ್‌ಫೀಲ್ಡರ್‌ಗೆ 1, ಫಾರ್ವರ್ಡ್‌ಗೆ ಏನೂ ಇಲ್ಲ. ಹಳದಿ ಕಾರ್ಡ್‌ಗೆ 1, ಕೆಂಪು ಕಾರ್ಡ್‌ಗೆ 3, ಒದ್ದ ಪೆನಾಲ್ಟಿ ಗೋಲಾಗದಿದ್ದರೆ 2 ಅಂಕ ಕಡಿತ. ಪ್ರತಿ ಪಂದ್ಯದಲ್ಲೂ ಉತ್ತಮವಾಗಿ ಆಡಿದವರಿಗೆ 3, 2, 1 ಎಂದು ಬೋನಸ್ ಬೇರೆ. ಈ ಪಟ್ಟಿಯಿಂದ ತಿಳಿಯುವುದು ಏನೆಂದರೆ, ಒಬ್ಬ ಆಟಗಾರ ಮೈದಾನದಲ್ಲಿ ಎಲ್ಲಿ ಆಡುತ್ತಾನೆ ಎಂಬುದರಷ್ಟೇ, ಆಟದವರು ಅವನನ್ನು ಯಾವ ವಿಭಾಗಕ್ಕೆ ಸೇರಿಸಿದ್ದಾರೆ ಎಂಬುದೂ ಮುಖ್ಯ. ಸಲಾಹ್ 2017-18ರಲ್ಲಿ 303 ಅಂಕ ಗಳಿಸಿ ದಾಖಲೆ ಮಾಡಿದರು. 2024-25ರಲ್ಲಿ 29 ಗೋಲು, 18 ಅಸಿಸ್ಟ್‌ಗಳೊಂದಿಗೆ 344 ಅಂಕ ಗಳಿಸಿ ಆ ದಾಖಲೆಯನ್ನು ತಾವೇ ಮುರಿದರು. ಬಲಬದಿಯಿಂದ ಒಳನುಗ್ಗಿ ಗೋಲು ಹೊಡೆಯುವ ಅವರನ್ನು ಮಿಡ್‌ಫೀಲ್ಡರ್ ಎಂದು ಗುರುತಿಸಿದ್ದ ಕಾರಣ, ಫಾರ್ವರ್ಡ್ ಆಗಿದ್ದರೆ ಸಿಗುತ್ತಿದ್ದುದಕ್ಕಿಂತ ಗೋಲುಗಳಿಂದಲೇ 29 ಅಂಕ ಹೆಚ್ಚು ಬಂತು, ಕ್ಲೀನ್ ಶೀಟಿನ, ಅಂದರೆ ತಂಡ ಗೋಲು ಬಿಟ್ಟುಕೊಡದ ಪಂದ್ಯಗಳ, ಅಂಕಗಳು ಅದರ ಮೇಲೆ.

2025-26ರಲ್ಲಿ ತಂದ ಒಂದು ಬದಲಾವಣೆಯನ್ನು ನಾನು ತುಂಬು ಮನಸ್ಸಿನಿಂದ ಮೆಚ್ಚಿಕೊಳ್ಳುತ್ತೇನೆ. ಡಿಫೆಂಡರ್ ಒಬ್ಬ ಒಂದು ಪಂದ್ಯದಲ್ಲಿ ಚೆಂಡನ್ನು ಅಪಾಯದಿಂದ ಹೊರಗೆ ಒದ್ದದ್ದು, ತಡೆದದ್ದು, ನಡುವೆ ಹೊಕ್ಕು ಕಸಿದದ್ದು, ಟ್ಯಾಕಲ್ ಮಾಡಿದ್ದು ಎಲ್ಲ ಸೇರಿ ಹತ್ತಾದರೆ ಅವನಿಗೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗಳಿಗೆ ಚೆಂಡನ್ನು ಮರಳಿ ಪಡೆದದ್ದೂ ಲೆಕ್ಕಕ್ಕೆ ಬರುತ್ತದೆ, ಆದರೆ ಹನ್ನೆರಡು ಆಗಬೇಕು. ಮೇಲ್ನೋಟಕ್ಕೆ ಇದು ಸಣ್ಣ ತಿದ್ದುಪಡಿ. ಪರಿಣಾಮ ಮಾತ್ರ ಸಣ್ಣದಲ್ಲ. ಗೋಲಿಲ್ಲದೆ ಸಮವಾದ ಪಂದ್ಯವೊಂದರಲ್ಲಿ ಪೂರ್ತಿ ಆಡಿ ಹತ್ತು ಸಲ ಚೆಂಡನ್ನು ತಡೆದ ಸೆಂಟರ್‌ಬ್ಯಾಕ್‌ಗೆ 2, 4, 2 ಸೇರಿ 8 ಅಂಕ. ಅದೇ ದಿನ ಇನ್ನೊಂದು ಮೈದಾನದಲ್ಲಿ ಒಂದು ಗೋಲು ಹೊಡೆದ ದುಬಾರಿ ಸ್ಟ್ರೈಕರ್‌ಗೆ, ಬೋನಸ್ ಬಿಟ್ಟು, 6. ತಂಡ 0-1ರಿಂದ ಸೋತರೂ ಆ ಡಿಫೆಂಡರ್‌ಗೆ 4 ಅಂಕ ಉಳಿಯುತ್ತದೆ. ಹಿಂದೆಲ್ಲ ಅಂಕಪಟ್ಟಿಯ ಕೆಳಭಾಗದ ಕ್ಲಬ್‌ಗಳ ಡಿಫೆಂಡರ್‌ಗಳತ್ತ ನಾವು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಏಕೆಂದರೆ ಅವರ ತಂಡ ಗೋಲು ಬಿಟ್ಟುಕೊಡುವುದು ಖಚಿತ ಎಂದುಕೊಳ್ಳುತ್ತಿದ್ದೆವು. ಈಗ, ಸದಾ ಒತ್ತಡದಲ್ಲಿರುವ ತಂಡದ ಡಿಫೆಂಡರ್‌ಗೇ ಕೆಲಸ ಹೆಚ್ಚು, ಆದ್ದರಿಂದ ಅಂಕದ ಅವಕಾಶವೂ ಹೆಚ್ಚು. ಟಿವಿಯಲ್ಲಿ ಪಂದ್ಯ ನೋಡುವಾಗ ಕಣ್ಣು ಚೆಂಡಿನ ಹಿಂದೆ ಮಾತ್ರ ಓಡದೆ, ಕಾರ್ನರ್ ಬಂದಾಗ ತಲೆಯೊಡ್ಡುವ ಎತ್ತರದ ಆಳು ಯಾರು ಎಂದು ಹುಡುಕುವಂತಾಗಿದೆ. ಎದುರಾಳಿಯ ದಾಳಿ ತಡೆಯುವವನ ಶ್ರಮಕ್ಕೂ ಬೆಲೆ ಇದೆ ಎಂದು ಒಪ್ಪಿಕೊಂಡ ಮೇಲೆ ಈ ಆಟ ನಿಜವಾದ ಫುಟ್‌ಬಾಲಿಗೆ ಹಿಂದೆಂದಿಗಿಂತ ಹತ್ತಿರ ಬಂದಿದೆ.

ತಯಾರಿ ಆರಂಭವಾಗಬೇಕಾದದ್ದು ಜುಲೈ ತಿಂಗಳಲ್ಲಿ, ಬೆಲೆಪಟ್ಟಿ ಹೊರಬಿದ್ದು ಆಟ ತೆರೆದ ಕೂಡಲೇ. ಮೊದಲ ಗಡುವಿನವರೆಗೆ ಎಷ್ಟು ಸಲ ಬೇಕಾದರೂ ತಂಡವನ್ನು ಬಿಚ್ಚಿ ಕಟ್ಟಬಹುದು, ಅದಕ್ಕೆ ದಂಡವಿಲ್ಲ. ಹೊರಗೆ ಆಟಿ ತಿಂಗಳ ಮಳೆ ಹಿಡಿದಿರುವಾಗ ಈ ಕೆಲಸಕ್ಕೆ ಸಮಯ ಒದಗುತ್ತದೆ ಎಂಬುದು ಕರಾವಳಿಯವರಿಗೆ ಇರುವ ಒಂದು ಅನುಕೂಲ. ನಾನು ಮೊದಲು ನೋಡುವುದು ಪೆನಾಲ್ಟಿ ಯಾರ ಕೈಯಲ್ಲಿದೆ ಎಂಬುದನ್ನು. ಪೆನಾಲ್ಟಿ ಒದೆಯುವ ಮಿಡ್‌ಫೀಲ್ಡರ್ ಸಾಧಾರಣ ಕ್ಲಬ್ಬಿನವನಾದರೂ ವರ್ಷಾಂತ್ಯಕ್ಕೆ ಲೆಕ್ಕಕ್ಕೆ ಸಿಗುವ ಗೋಲುಗಳನ್ನು ತಂದುಕೊಡುತ್ತಾನೆ. ಎರಡನೆಯದು, ಸ್ಥಾನದ ಭದ್ರತೆ. ಮ್ಯಾಂಚೆಸ್ಟರ್ ಸಿಟಿಯಂಥ ಕ್ಲಬ್ಬಿನಲ್ಲಿ ಪ್ರತಿಭಾವಂತರು ಹೆಚ್ಚು, ಸ್ಥಾನಗಳು ಕಡಿಮೆ. ಅಲ್ಲಿಯ ಎಷ್ಟೋ ಮಂದಿ ಮೂರು ದಿನಕ್ಕೊಂದು ಪಂದ್ಯ ಬಂದಾಗ ಬೆಂಚಿನಲ್ಲಿ ಕೂರುತ್ತಾರೆ. ಅದೇ ಬೆಲೆಗೆ ಇನ್ನೊಂದು ಕ್ಲಬ್ಬಿನಲ್ಲಿ 90 ನಿಮಿಷ ಖಚಿತವಾಗಿ ಆಡುವವನು ಸಿಗುವುದಾದರೆ ನಾನು ಎರಡನೆಯವನನ್ನೇ ಆರಿಸುತ್ತೇನೆ. ಪ್ರೀ ಸೀಸನ್ ಪಂದ್ಯಗಳ ಗೋಲುಗಳಿಗೆ ನಾನು ಮಹತ್ವ ಕೊಡುವುದಿಲ್ಲ, ಆದರೆ ಆ ಪಂದ್ಯಗಳಲ್ಲಿ ಯಾರು ಯಾವ ಜಾಗದಲ್ಲಿ ನಿಂತರು ಎಂಬ ವರದಿಯನ್ನು ಬಿಡದೆ ಓದುತ್ತೇನೆ, ಏಕೆಂದರೆ ಡಿಫೆಂಡರ್ ಎಂದು ಪಟ್ಟಿಯಾಗಿರುವವನನ್ನು ಹೊಸ ಕೋಚ್ ಮುಂದಕ್ಕೆ ತಳ್ಳಿ ಆಡಿಸುತ್ತಿರುವ ಸುಳಿವು ಸಿಗುವುದು ಅಲ್ಲಿಯೇ.

ಪಂದ್ಯಗಳ ವೇಳಾಪಟ್ಟಿಯನ್ನು ಮೊದಲ ಆರು ವಾರಗಳಷ್ಟು ನೋಡಿದರೆ ಸಾಕು. ಆಟದ ತಾಣವೇ ಪ್ರತಿ ಪಂದ್ಯದ ಕಷ್ಟವನ್ನು ಬಣ್ಣ ಮತ್ತು ಅಂಕಿಯಲ್ಲಿ ತೋರಿಸುತ್ತದೆ, ಹೊಸಬರಿಗೆ ಅದು ಸಹಾಯಕ. ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ: ಒಂದೇ ಅಂಕಿ ಡಿಫೆಂಡರ್‌ಗೂ ಸ್ಟ್ರೈಕರ್‌ಗೂ ಅನ್ವಯಿಸುತ್ತದೆ ಎಂಬ ಎಣಿಕೆಯೇ ಸರಿಯಲ್ಲ. ಗೋಲು ಧಾರಾಳವಾಗಿ ಹೊಡೆದು ಅಷ್ಟೇ ಧಾರಾಳವಾಗಿ ಬಿಟ್ಟುಕೊಡುವ ಎದುರಾಳಿ ನಮ್ಮ ಸ್ಟ್ರೈಕರ್‌ಗೆ ಸುಲಭ, ನಮ್ಮ ಗೋಲ್‌ಕೀಪರ್‌ಗೆ ಕಷ್ಟ. ಎರಡನ್ನೂ ಬೇರೆಬೇರೆಯಾಗಿ ತೋರಿಸಿದರೆ ಬಳಕೆದಾರರಿಗೆ ಹೆಚ್ಚು ಪ್ರಯೋಜನವಾಗುತ್ತದೆ.

ಇನ್ನು ಗಡುವಿನ ವಿಷಯ. ಪ್ರತಿ ಗೇಮ್‌ವೀಕಿನ ಮೊದಲ ಪಂದ್ಯ ಆರಂಭವಾಗುವುದಕ್ಕೆ 90 ನಿಮಿಷ ಮೊದಲು ತಂಡಗಳಿಗೆ ಬೀಗ ಬೀಳುತ್ತದೆ. ಇಂಗ್ಲೆಂಡಿನವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಆದ್ದರಿಂದ ಆಗಸ್ಟಿನಿಂದ ಅಕ್ಟೋಬರ್ ಕೊನೆಯವರೆಗೆ ಅವರಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ, ಆಮೇಲೆ ಮಾರ್ಚ್ ಕೊನೆಯವರೆಗೆ ಐದೂವರೆ ಗಂಟೆ, ಮತ್ತೆ ನಾಲ್ಕೂವರೆ. ಶನಿವಾರ ಅಲ್ಲಿಯ ಮಧ್ಯಾಹ್ನ 12.30ರ ಪಂದ್ಯದಿಂದ ಸುತ್ತು ಆರಂಭವಾದರೆ ನಮ್ಮ ಗಡುವು ಮೊದಲ ತಿಂಗಳುಗಳಲ್ಲಿ ಮಧ್ಯಾಹ್ನ 3.30, ಚಳಿಗಾಲದಲ್ಲಿ ಸಂಜೆ 4.30. ಶುಕ್ರವಾರ ರಾತ್ರಿ ಎಂಟರ ಪಂದ್ಯದಿಂದ ಆರಂಭವಾದರೆ ಗಡುವು ರಾತ್ರಿ 11, ಚಳಿಗಾಲದಲ್ಲಿ ನಡುರಾತ್ರಿ 12. ವಾರದ ಮಧ್ಯೆ ಸುತ್ತು ಬಂದಾಗ ರಾತ್ರಿ ಹತ್ತೂವರೆಯ ಆಸುಪಾಸು, ಇಲ್ಲವೇ ಹನ್ನೊಂದೂವರೆ. ತಾಣವು ಗಡುವನ್ನು ನಮ್ಮ ಸಮಯಕ್ಕೇ ಬದಲಿಸಿ ತೋರಿಸುವುದರಿಂದ ಕೂಡಿ ಕಳೆಯುವ ತೊಂದರೆ ಇಲ್ಲ, ಆದರೆ ಶುಕ್ರವಾರದ ಗಡುವೋ ಶನಿವಾರದ್ದೋ ಎಂದು ಪ್ರತಿ ವಾರವೂ ನೋಡಿಕೊಳ್ಳಲೇಬೇಕು.

ನಮ್ಮ ಜಿಲ್ಲೆಗಳ ಬದುಕಿಗೆ ಇದು ಹೇಗೆ ಹೊಂದುತ್ತದೆ ಎಂಬುದನ್ನು ಹೇಳದೆ ಈ ವಿಮರ್ಶೆ ಪೂರ್ತಿಯಾಗದು. ನವೆಂಬರಿನಿಂದ ವಾರಾಂತ್ಯಗಳೆಲ್ಲ ಕಂಬಳ, ಮದುವೆ, ಕೋಲ, ಯಕ್ಷಗಾನದ ಆಟಗಳಲ್ಲಿ ಕಳೆಯುತ್ತವೆ. ಶನಿವಾರ ಸಂಜೆ ನಾಲ್ಕೂವರೆಗೆ ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಗದ್ದೆಯ, ಬದಿಯಲ್ಲಿ ನಿಂತವರಿಗೆ ಜನಜಂಗುಳಿಯ ನಡುವೆ ನೆಟ್‌ವರ್ಕ್ ಸಿಗುತ್ತದೆಂಬ ಭರವಸೆ ಇರುವುದಿಲ್ಲ. ಆದ್ದರಿಂದ ಕರಾವಳಿಯಿಂದ ಆಡುವವರು ಶುಕ್ರವಾರ ಸಂಜೆಯನ್ನೇ ತಮ್ಮ ಗಡುವೆಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಶನಿವಾರ ಆಡುವ ಕ್ಲಬ್‌ಗಳ ಕೋಚ್‌ಗಳು ಸಾಮಾನ್ಯವಾಗಿ ಹಿಂದಿನ ದಿನ ಅಲ್ಲಿಯ ಮಧ್ಯಾಹ್ನದ ಹೊತ್ತಿಗೆ ಪತ್ರಿಕಾಗೋಷ್ಠಿ ನಡೆಸಿ, ಯಾರಿಗೆ ಗಾಯ, ಯಾರು ಮರಳಿದರು, ಯಾರಿಗೆ ವಿಶ್ರಾಂತಿ ಎಂಬುದನ್ನು ಹೇಳುತ್ತಾರೆ; ನಮ್ಮಲ್ಲಿ ಅದು ಕಚೇರಿ ಬಿಟ್ಟು ಮನೆ ಸೇರುವ ಹೊತ್ತು. ಆಡುವ ಹನ್ನೊಂದರ ಪಟ್ಟಿ ಅಧಿಕೃತವಾಗಿ ಹೊರಬರುವುದು ಗಡುವು ದಾಟಿದ ಮೇಲೆಯೇ, ಹಾಗಾಗಿ ಕೊನೆಯ ನಿಮಿಷದವರೆಗೆ ಕಾದು ಕೂತವರಿಗೂ ಶುಕ್ರವಾರ ಸಂಜೆ ತಿಳಿದದ್ದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ. ಒಂದು ಗಂಟೆ ಕೂತು, ಗಾಯದ ಸುದ್ದಿ ಓದಿ, ಬೆಂಚಿನ ಕ್ರಮ ಸರಿಮಾಡಿ, ನಾಯಕನನ್ನು ಗೊತ್ತುಪಡಿಸಿ ಮುಗಿಸಿದರೆ ವಾರಾಂತ್ಯ ಪೂರ್ತಿ ನಮ್ಮದು.

ಬೆಂಚಿನ ಕ್ರಮದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಇದನ್ನು ಗಮನಿಸುವುದೇ ಇಲ್ಲ. ನಾವು ಆಡಿಸಿದವರಲ್ಲಿ ಒಬ್ಬ ಒಂದು ನಿಮಿಷವೂ ಮೈದಾನಕ್ಕಿಳಿಯದಿದ್ದರೆ ಮಾತ್ರ ಬೆಂಚಿನಲ್ಲಿರುವವನು ನಾವು ಇಟ್ಟ ಕ್ರಮದಲ್ಲಿ ತಾನಾಗಿ ಒಳಗೆ ಬರುತ್ತಾನೆ. ಆ ಆಟಗಾರ ಕೊನೆಯ ಎರಡು ನಿಮಿಷಕ್ಕೆ ಬದಲಿಯಾಗಿ ಓಡಿ ಬಂದರೂ ಅವನ 1 ಅಂಕ ನಮಗೆ ಗಟ್ಟಿ, ಬೆಂಚಿನವನ 8 ಅಂಕ ಹೊರಗೇ. ನಾಯಕ ಮತ್ತು ಉಪನಾಯಕರಿಗೂ ಇದೇ ನಿಯಮ: ನಾಯಕ ಪೂರ್ತಿ ಹೊರಗುಳಿದರೆ ಮಾತ್ರ ಉಪನಾಯಕನ ಅಂಕ ಎರಡು ಪಟ್ಟಾಗುತ್ತದೆ. ಗಾಯದಿಂದ ಈಗಷ್ಟೇ ಮರಳಿದ, ಬದಲಿಯಾಗಿ ಬರುವ ಸಾಧ್ಯತೆ ಇರುವ ಆಟಗಾರ ಆದ್ದರಿಂದಲೇ ಎಲ್ಲರಿಗಿಂತ ಅಪಾಯಕಾರಿ. ಅಂಥವನಿಗಿಂತ ಸ್ಪಷ್ಟವಾಗಿ ಹೊರಗಿರುವವನೇ ವಾಸಿ.

ನಾಯಕನ ಆಯ್ಕೆಯೇ ವಾರದ ಅತಿ ದೊಡ್ಡ ತೀರ್ಮಾನ. ಅವನ ಅಂಕ ದ್ವಿಗುಣವಾಗುವುದರಿಂದ ಅಲ್ಲಿ ಜಾಣತನ ಪ್ರದರ್ಶಿಸಲು ಹೋಗದಿರುವುದು ಲೇಸು ಎಂಬುದು ನನ್ನ ನಿಲುವು. 2022-23ರಲ್ಲಿ 36 ಗೋಲು ಹೊಡೆದು ಲೀಗಿನ ದಾಖಲೆ ಮಾಡಿದ ಹಾಲಂಡ್‌ನಂಥವರು ತಮ್ಮ ಮೈದಾನದಲ್ಲಿ ದುರ್ಬಲ ತಂಡವನ್ನು ಎದುರಿಸುವಾಗ, ಅವರನ್ನು ಬಿಟ್ಟು ಬೇರೊಬ್ಬನಿಗೆ ಪಟ್ಟ ಕಟ್ಟಲು ಬಲವಾದ ಕಾರಣ ಬೇಕು. ಹೊಸತನ ತೋರಿಸಲು 5.5ರ ಮಿಡ್‌ಫೀಲ್ಡರ್‌ಗಳ ಆಯ್ಕೆಯಲ್ಲಿ ಬೇಕಾದಷ್ಟು ಜಾಗವಿದೆ.

ವಾರಕ್ಕೊಂದು ಟ್ರಾನ್ಸ್‌ಫರ್, ಅಂದರೆ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತರುವುದು, ಉಚಿತ. ಬಳಸದಿದ್ದರೆ ಐದರವರೆಗೆ ಕೂಡಿಡಬಹುದು. ಹಿಂದೆ ಎರಡಕ್ಕಿಂತ ಹೆಚ್ಚು ಕೂಡಿಡುವಂತಿರಲಿಲ್ಲ, 2024-25ರಿಂದ ಇದು ಬದಲಾಗಿದೆ, ಇದೂ ಒಳ್ಳೆಯ ಬದಲಾವಣೆಯೇ. ಉಚಿತ ಮಿತಿ ಮೀರಿದ ಪ್ರತಿ ಟ್ರಾನ್ಸ್‌ಫರ್‌ಗೆ 4 ಅಂಕ ಕಡಿತ. ನಾಲ್ಕು ಅಂಕವೆಂದರೆ ಸ್ಟ್ರೈಕರ್‌ನ ಒಂದು ಗೋಲಿನ ಬೆಲೆ. ಹೊಸದಾಗಿ ತಂದವನು ಹೋದವನಿಗಿಂತ ಅಷ್ಟು ಹೆಚ್ಚು ಗಳಿಸಿದಾಗ ಮಾತ್ರ ಸರಿಸಮ. ಕಳೆದ ವಾರ ಎರಡು ಗೋಲು ಹೊಡೆದವನ ಹಿಂದೆ ಓಡುವ ಆತುರಕ್ಕೆ ಈ ದಂಡ ಸರಿಯಾದ ಕಡಿವಾಣ. ಮೂರು ನಾಲ್ಕು ಟ್ರಾನ್ಸ್‌ಫರ್ ಕೂಡಿಟ್ಟುಕೊಂಡು, ಒಂದು ಕ್ಲಬ್ಬಿನ ಕಷ್ಟದ ಪಂದ್ಯಗಳು ಮುಗಿದು ಇನ್ನೊಂದರ ಸುಲಭದ ಪಂದ್ಯಗಳು ಆರಂಭವಾಗುವ ತಿರುವಿನಲ್ಲಿ ಒಟ್ಟಿಗೆ ಬದಲಿಸುವುದು ಈಗಿನ ನಿಯಮಗಳಿಗೆ ಹೊಂದುವ ಕ್ರಮ.

ಬೆಲೆಯ ಏರಿಳಿತದ ವ್ಯವಸ್ಥೆಯ ಬಗ್ಗೆ ನನಗೆ ಆಕ್ಷೇಪವಿದೆ. ಹೆಚ್ಚು ಮಂದಿ ಕೊಂಡ ಆಟಗಾರನ ಬೆಲೆ 0.1ರಷ್ಟು ಏರುತ್ತದೆ, ಹೆಚ್ಚು ಮಂದಿ ಮಾರಿದ ಆಟಗಾರನದು ಇಳಿಯುತ್ತದೆ. ಎಷ್ಟು ಮಂದಿ ಕೊಂಡರೆ ಏರುತ್ತದೆ ಎಂಬ ಲೆಕ್ಕವನ್ನು ಆಟದವರು ಬಹಿರಂಗಪಡಿಸುವುದಿಲ್ಲ. ಬದಲಾವಣೆ ಆಗುವುದು ಇಂಗ್ಲೆಂಡಿನ ನಡುರಾತ್ರಿ ದಾಟಿದ ಮೇಲೆ, ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ. ಮಾರುವಾಗ ಲಾಭದ ಅರ್ಧ ಮಾತ್ರ ಕೈಗೆ ಬರುತ್ತದೆ: 5.0ಕ್ಕೆ ಕೊಂಡವನು 5.4 ಆದರೆ ಸಿಗುವುದು 5.2, 5.3 ಆಗಿದ್ದರೆ 5.1. ಈ ಪುಡಿಗಾಸಿಗಾಗಿ ಮಂಗಳವಾರವೇ ಟ್ರಾನ್ಸ್‌ಫರ್ ಮಾಡಿಬಿಟ್ಟು, ಗುರುವಾರ ಆ ಆಟಗಾರ ಅಭ್ಯಾಸದಲ್ಲಿ ಗಾಯಗೊಂಡರೆ ಪಶ್ಚಾತ್ತಾಪವೇ ಗತಿ. ತಯಾರಿಗೆ ಫಲ ಕೊಡುವ ಆಟದಲ್ಲಿ ಸುದ್ದಿ ಬರುವ ಮುಂಚೆಯೇ ತೀರ್ಮಾನಿಸುವಂತೆ ದೂಡುವ ವ್ಯವಸ್ಥೆ ಇರಬಾರದು. ಇದ್ದರೂ ಅದರ ನಿಯಮ ಎಲ್ಲರಿಗೂ ತಿಳಿದಿರಬೇಕು. ಶುಕ್ರವಾರದವರೆಗೆ ಕಾಯಿರಿ, 0.1 ಹೋದರೆ ಹೋಗಲಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ನಮಗೆ ಬೇಕಾದ ವಾರದಲ್ಲಿ ಬಳಸಬಹುದಾದ ವಿಶೇಷ ಸವಲತ್ತುಗಳಾದ ಚಿಪ್‌ಗಳು ನಾಲ್ಕು ಬಗೆ. ವೈಲ್ಡ್‌ಕಾರ್ಡ್ ಬಳಸಿದರೆ ತಂಡವನ್ನು ದಂಡವಿಲ್ಲದೆ ಪೂರ್ತಿ ಬದಲಿಸಬಹುದು. ಫ್ರೀ ಹಿಟ್‌ನಲ್ಲೂ ಹಾಗೆಯೇ, ಆದರೆ ಒಂದು ವಾರದ ಮಟ್ಟಿಗೆ, ಮುಂದಿನ ವಾರ ಹಳೆಯ ತಂಡ ಮರಳುತ್ತದೆ. ಬೆಂಚ್ ಬೂಸ್ಟ್‌ನಲ್ಲಿ ಹದಿನೈದೂ ಮಂದಿಯ ಅಂಕ ಸೇರುತ್ತದೆ. ಟ್ರಿಪಲ್ ಕ್ಯಾಪ್ಟನ್‌ನಲ್ಲಿ ನಾಯಕನ ಅಂಕ ಮೂರು ಪಟ್ಟು. 2025-26ರಿಂದ ಈ ನಾಲ್ಕನ್ನೂ ಋತುವಿನ ಮೊದಲರ್ಧಕ್ಕೊಂದು ಜೊತೆ, ಎರಡನೆಯದಕ್ಕೊಂದು ಜೊತೆ ಕೊಡುತ್ತಿದ್ದಾರೆ, ಮೊದಲ ಜೊತೆಯನ್ನು 19ನೇ ಗೇಮ್‌ವೀಕಿನ ಗಡುವಿನೊಳಗೆ ಬಳಸದಿದ್ದರೆ ಅದು ಹೋಯಿತು. ಕಪ್ ಪಂದ್ಯಗಳ ಕಾರಣಕ್ಕೆ ಲೀಗಿನ ಪಂದ್ಯಗಳು ಮುಂದೂಡಲ್ಪಟ್ಟು, ಕೆಲವು ವಾರ ಕೆಲವು ಕ್ಲಬ್‌ಗಳಿಗೆ ಪಂದ್ಯವೇ ಇಲ್ಲದಿರುವುದು, ಇನ್ನು ಕೆಲವು ವಾರ ಎರಡೆರಡು ಪಂದ್ಯ ಬರುವುದು ಇದೆ. ಅನುಭವಿಗಳು ಎರಡನೆಯ ಜೊತೆಯನ್ನು ಅಂಥ ವಾರಗಳಿಗೆಂದೇ ಉಳಿಸಿಕೊಳ್ಳುತ್ತಾರೆ. ಡಿಸೆಂಬರ್ 2025ರಲ್ಲಿ ಮೊರಾಕ್ಕೊದಲ್ಲಿ ಆಫ್ರಿಕಾ ಕಪ್ ಆರಂಭವಾಗುವ ಮುನ್ನ, ಆ ಖಂಡದ ಆಟಗಾರರನ್ನು ಕಳೆದುಕೊಳ್ಳುವ ತಂಡಗಳಿಗೆ ನೆರವಾಗಲೆಂದು ಎಲ್ಲರ ಉಚಿತ ಟ್ರಾನ್ಸ್‌ಫರ್‌ಗಳನ್ನು ಐದಕ್ಕೆ ಏರಿಸಿದ್ದು ಸಮಂಜಸವಾದ ಕ್ರಮವಾಗಿತ್ತು. ಆದರೂ ಎಂಟು ಚಿಪ್ ಜಾಸ್ತಿಯಾಯಿತು ಎಂದೇ ನನ್ನ ಭಾವನೆ. ವಾರವಾರದ ಸಣ್ಣ ತೀರ್ಮಾನಗಳ ತೂಕ ಇದರಿಂದ ಸ್ವಲ್ಪ ತಗ್ಗುತ್ತದೆ.

ಆಪ್ ಮತ್ತು ತಾಣದ ಗುಣಮಟ್ಟ ಒಟ್ಟಾರೆ ತೃಪ್ತಿಕರ. ಪ್ರೀಮಿಯರ್ ಲೀಗಿನ ಅಧಿಕೃತ ಆಪ್‌ನಲ್ಲೇ ಆಟವಿದೆ, ಖಾತೆಗೆ ಒಂದು ಇಮೇಲ್ ಸಾಕು. ಗಾಯಾಳುಗಳ ಹೆಸರಿನ ಪಕ್ಕದಲ್ಲಿ ಆಡುವ ಸಾಧ್ಯತೆಯನ್ನು 75, 50, 25 ಎಂದು ಶೇಕಡಾವಾರಿನಲ್ಲಿ ತೋರಿಸುವ ಗುರುತು ಉಪಯುಕ್ತ, ಆದರೂ 75 ಎಂದಾಗ ಅದನ್ನೇ ನಂಬಿ ಕೂರದೆ ಕೋಚ್ ನಿಜವಾಗಿ ಏನು ಹೇಳಿದರೆಂದು ಓದಬೇಕು. ಗಡುವು ದಾಟಿದ ಕೂಡಲೇ ತಾಣ ಕೆಲ ಹೊತ್ತು ಮುಚ್ಚಿ, ಪರಿಷ್ಕರಣೆ ನಡೆಯುತ್ತಿದೆ ಎಂಬ ಸಂದೇಶವನ್ನಷ್ಟೇ ತೋರಿಸುತ್ತದೆ. ಕೋಟಿ ಮಂದಿ ಬಳಸುವ ಆಟಕ್ಕೆ ಇದು ಶೋಭೆಯಲ್ಲ. ನಿಯಮಗಳ ಪುಟ ಇಂಗ್ಲಿಷಿನಲ್ಲಿರುವುದು ನಮ್ಮ ಕಡೆ ಹಲವರಿಗೆ ತಡೆಯಾಗಿದೆ. ಕನ್ನಡ ದಿನಪತ್ರಿಕೆಯ ಕ್ರೀಡಾಪುಟವನ್ನು ಮೊದಲು ಓದುವ, ಫುಟ್‌ಬಾಲನ್ನು ನನಗಿಂತ ಚೆನ್ನಾಗಿ ಬಲ್ಲ ಹಲವು ಹಿರಿಯರು ಮಂಗಳೂರಿನ ಬಂದರು, ಕುದ್ರೋಳಿ ಪ್ರದೇಶಗಳಲ್ಲಿದ್ದಾರೆ. ಆ ಒಂದು ಪುಟ ಕನ್ನಡದಲ್ಲಿದ್ದರೆ ಅವರು ನಮ್ಮನ್ನೆಲ್ಲ ಹಿಂದೆ ಹಾಕುತ್ತಿದ್ದರೆಂಬ ಬಗ್ಗೆ ನನಗೆ ಸಂಶಯವಿಲ್ಲ.

ಹಣದ ಪ್ರಶ್ನೆಯನ್ನು ಸ್ಪಷ್ಟಪಡಿಸುವುದು ಅಗತ್ಯ, ಏಕೆಂದರೆ ಫ್ಯಾಂಟಸಿ ಎಂಬ ಮಾತು ಕೇಳಿದೊಡನೆ ಮನೆಯ ಹಿರಿಯರಿಗೆ ಜೂಜಿನ ನೆನಪಾಗುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ಆಗಸ್ಟ್ 2025ರಲ್ಲಿ ಅಂಗೀಕಾರವಾದ ಕಾಯ್ದೆಯಿಂದ ನಿಷೇಧಿಸಿದೆ. ಎಫ್‌ಪಿಎಲ್‌ನಲ್ಲಿ ಪ್ರವೇಶ ಶುಲ್ಕವೂ ಇಲ್ಲ, ಪಣವೂ ಇಲ್ಲ. ಒಂದೇ ಪಂದ್ಯದ ಮೇಲೆ ದುಡ್ಡಿಟ್ಟು ರಾತ್ರಿ ಬೆಳಗಾಗುವುದರೊಳಗೆ ಗೆಲ್ಲುವ, ಸೋಲುವ ಆಟಗಳಿಗೂ, ಒಂಬತ್ತು ತಿಂಗಳು ತಾಳ್ಮೆಯಿಂದ ಒಂದು ತಂಡವನ್ನು ನಡೆಸುವ ಈ ಆಟಕ್ಕೂ ಹೋಲಿಕೆಯೇ ಇಲ್ಲ. ಗೆಳೆಯರ ಗುಂಪಿನಲ್ಲಿ ತಲೆಗಿಷ್ಟು ಎಂದು ಹಣ ಕೂಡಿಹಾಕುವ ರೂಢಿ ಕೆಲವೆಡೆ ಇದೆ. ಅದನ್ನು ಬಿಟ್ಟುಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಣ ಸೇರಿದ ಗುಂಪಿಗೆ ಮಕ್ಕಳನ್ನು ಸೇರಿಸಲಾಗುವುದಿಲ್ಲ, ಮಕ್ಕಳಿಲ್ಲದ ಗುಂಪಿನಲ್ಲಿ ಆಟದ ಅರ್ಧ ಸಂತೋಷ ಇರುವುದಿಲ್ಲ.

ಆ ಸಂತೋಷದ ಮೂಲ ಖಾಸಗಿ ಲೀಗ್. ಒಂದು ಕೋಡ್ ಕಳುಹಿಸಿದರೆ ಮನೆಮಂದಿಯೆಲ್ಲ ಒಂದೇ ಪಟ್ಟಿಯಲ್ಲಿ ಸೇರುತ್ತಾರೆ. ಒಟ್ಟು ಅಂಕಗಳ ಮೇಲೆ ನಡೆಯುವ ಲೀಗೂ ಇದೆ, ವಾರಕ್ಕೊಬ್ಬರ ಎದುರು ನೇರ ಹಣಾಹಣಿಯ ಲೀಗೂ ಇದೆ. ಕರಾವಳಿಯ ಕುಟುಂಬಗಳು ಮುಂಬೈ, ದುಬೈ, ದೋಹಾ ಎಂದು ಚದುರಿಹೋಗಿರುವುದು ಎಲ್ಲರಿಗೂ ಗೊತ್ತು, ನಮ್ಮದೂ ಹಾಗೆಯೇ. ಮಣಿಪಾಲದಲ್ಲಿ ಓದುವ ಸೊಸೆ, ಅಂದರೆ ನನ್ನ ಅಕ್ಕನ ಮಗಳು, ನಮ್ಮ ಕುಟುಂಬದ ಲೀಗಿನಲ್ಲಿ ಅತಿ ಎಚ್ಚರದ ಆಟಗಾರ್ತಿ. ದೋಹಾದಲ್ಲಿರುವ ಭಾವ ಲಿವರ್‌ಪೂಲಿನ ಮೂವರನ್ನು ಯಾವ ಕಾಲಕ್ಕೂ ಬಿಟ್ಟುಕೊಡುವವರಲ್ಲ. ಶುಕ್ರವಾರ ಸಂಜೆ ಮೂವರೂ ಫೋನಿನಲ್ಲಿ ಸೇರಿದಾಗ ಒಮ್ಮೆ ಅವಳು, "ಮಾವ, ಗೋಲು ಹೊಡೆಯದ ಡಿಫೆಂಡರ್‌ಗೆ 5.5 ಕೊಟ್ಟದ್ದು ಯಾಕೆ ಅಂತ ಅಪ್ಪ ಕೇಳ್ತಾರೆ, ನೀವೇ ಹೇಳಿ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ತಾನೇ ಆ ಆಟಗಾರನ ಹಿಂದಿನ ಐದು ಪಂದ್ಯಗಳ ತಡೆ, ಟ್ಯಾಕಲ್‌ಗಳ ಲೆಕ್ಕವನ್ನು ಓದಿ ಹೇಳಿ ಅಪ್ಪನನ್ನು ಒಪ್ಪಿಸಿದಳು. ಭಾವ ಆ ರಾತ್ರಿ ಅವನನ್ನು ತಂಡಕ್ಕೆ ತೆಗೆದುಕೊಂಡರು, ಲಿವರ್‌ಪೂಲಿನ ಮೂವರು ಮಾತ್ರ ಹಾಗೆಯೇ ಉಳಿದರು.

ಯಾರಿಗೆ ಈ ಆಟ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ತನ್ನ ಮೆಚ್ಚಿನ ಕ್ಲಬ್ಬಿನ ವಿರುದ್ಧ ಆಡುವವನು ತನ್ನ ಫ್ಯಾಂಟಸಿ ತಂಡದಲ್ಲಿ ಇರುವುದನ್ನು ಸಹಿಸಲಾಗದವರಿಗೆ, ಒಂದು ಕೆಟ್ಟ ವಾರಕ್ಕೆ ಇಡೀ ತಂಡವನ್ನು ಕಿತ್ತುಹಾಕುವವರಿಗೆ ಇದರಿಂದ ಸುಖವಿಲ್ಲ. ಸೋಮವಾರ ರಾತ್ರಿಯ ಪಂದ್ಯ ನಮ್ಮಲ್ಲಿ ಮಂಗಳವಾರದ 12.30 ಅಥವಾ 1.30ಕ್ಕೆ ಆರಂಭವಾಗುತ್ತದೆ, ಅದನ್ನು ಪೂರ್ತಿ ನೋಡಿ ಬೆಳಗ್ಗೆ ಕೆಲಸಕ್ಕೆ ಹೋಗುವ ಹಟವೂ ಬೇಡ, ಅಂಕಗಳು ಬೆಳಗ್ಗೆ ಹೇಗೂ ಸಿಗುತ್ತವೆ. ಉಳಿದವರೆಲ್ಲ ಯಾವಾಗ ಬೇಕಾದರೂ ಸೇರಬಹುದು. ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ನಿಲ್ಲುವ ಹೊತ್ತಿಗೆ ಪ್ರೀಮಿಯರ್ ಲೀಗೂ ಮುಗಿಯುವುದರಿಂದ, ಹೊಸ ಋತುವಿನ ಬೆಲೆಪಟ್ಟಿ ಬರುವವರೆಗೆ ನಿಯಮಗಳನ್ನು ಓದಿಕೊಳ್ಳಲು ಬೇಕಾದಷ್ಟು ಬಿಡುವಿರುತ್ತದೆ. ಋತುವಿನ ನಡುವೆ ಸೇರಿದವರಿಗೂ ಅದೇ 100 ಮಿಲಿಯನ್ ಸಿಗುತ್ತದೆ, ಮೊದಲ ಗಡುವಿನವರೆಗೆ ಬೇಕಾದಷ್ಟು ಸಲ ಬದಲಿಸಿಕೊಳ್ಳಬಹುದು. ಹಿಂದಿನ ವಾರಗಳ ಅಂಕ ಮಾತ್ರ ಸಿಗುವುದಿಲ್ಲ. ಆದ್ದರಿಂದ ಡಿಸೆಂಬರಿನಲ್ಲೋ ಜನವರಿಯಲ್ಲೋ ಒಂದು ಗುಂಪಾಗಿ ಆರಂಭಿಸುವವರು ಹೊಸ ಖಾಸಗಿ ಲೀಗನ್ನು ತೆರೆದು, ಅಂಕಗಳ ಎಣಿಕೆ ಯಾವ ಗೇಮ್‌ವೀಕಿನಿಂದ ಎಂದು ಕೇಳುವಲ್ಲಿ ಮುಂದಿನ ವಾರವನ್ನು ಆರಿಸಿಕೊಂಡರೆ, ಹಳಬರೂ ಹೊಸಬರೂ ಆ ಪಟ್ಟಿಯಲ್ಲಿ ಸೊನ್ನೆಯಿಂದಲೇ ಆರಂಭಿಸುತ್ತಾರೆ.